ಹೋಂ ವಾರಂಟಿಯೋ, ರಿಪೇರಿಗೆಂದು ಎತ್ತಿಟ್ಟ ಹಣವೋ?

ಅಮೆರಿಕದಲ್ಲಿ ಹಳೇ ಮನೆ ಕೊಳ್ಳುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಹೋಂ ವಾರಂಟಿ ಮನೆಯ ಇನ್ಶೂರೆನ್ಸ್ ಅಲ್ಲ. ಬೆಂಕಿ, ಬಿರುಗಾಳಿಗೆ ಇನ್ಶೂರೆನ್ಸ್. ಬಳಸಿ ಸವೆದು ಕೆಟ್ಟ ಎಸಿ, ಹೀಟರ್, ಫ್ರಿಜ್‌ಗೆ ವಾರಂಟಿ, ಅಂದರೆ ಅವನ್ನು ರಿಪೇರಿ ಮಾಡಿಸಿಕೊಡಲು ಒಂದು ಕಂಪನಿಯ ಜೊತೆ ಮಾಡಿಕೊಳ್ಳುವ ಒಪ್ಪಂದ.

ವಾರಂಟಿಗೆ ವರ್ಷಕ್ಕೆ ಕೆಲವು ನೂರು ಡಾಲರ್ ಕಟ್ಟಬೇಕು. ಮೆಕ್ಯಾನಿಕ್ ಬಂದಾಗಲೆಲ್ಲ ಸರ್ವಿಸ್ ಫೀ ಬೇರೆ, ಸಾಮಾನ್ಯವಾಗಿ 75ರಿಂದ 125 ಡಾಲರ್. ಎತ್ತಿಟ್ಟ ಹಣ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಮೊದಲ ವರ್ಷವೇ ಎಸಿ ಕೈಕೊಟ್ಟರೆ ಅದು ಸಾಲದು, ಹೊಸದಕ್ಕೆ ಸಾವಿರಾರು ಡಾಲರ್ ಆಗುತ್ತದೆ.

ನಿಜವಾದ ತಕರಾರು ಇರುವುದು ಕವರೇಜ್‌ನಲ್ಲಿ. ಒಂದೊಂದು ವಸ್ತುವಿಗೂ ಇಷ್ಟೇ ಕೊಡುತ್ತೇವೆ ಎಂಬ ಮಿತಿ ಇರುತ್ತದೆ. ಮೊದಲೇ ಇದ್ದ ದೋಷ, ಸರ್ವಿಸ್ ಮಾಡಿಸದೆ ಕೆಟ್ಟದ್ದು ಎಂದು ಕ್ಲೇಮ್ ತಳ್ಳಿಹಾಕಬಹುದು. ಸಹಿಗೆ ಮುಂಚೆ ಮಾದರಿ ಒಪ್ಪಂದ ತರಿಸಿಕೊಂಡು, ಏನೇನು ಸೇರಿಲ್ಲ ಎಂಬುದನ್ನೇ ಮೊದಲು ಓದಿ. ಕ್ಲೇಮ್ ತಳ್ಳಿಹಾಕಿದರೆ ತೋರಿಸಲು, ಮನೆ ಕೊಳ್ಳುವಾಗಿನ ಇನ್ಸ್‌ಪೆಕ್ಷನ್ ವರದಿ, ಸರ್ವಿಸ್ ರಸೀದಿಗಳನ್ನು ಜೋಪಾನವಾಗಿಡಿ.

ವಾರಂಟಿಯಾದರೆ ರಿಪೇರಿಗೆ ಸಾಮಾನ್ಯವಾಗಿ ಕಂಪನಿ ಕಳಿಸಿದವರೇ ಬರಬೇಕು, ಅಲ್ಲಿವರೆಗೆ ಕಾಯಬೇಕು. ಸ್ವಂತ ಹಣವಾದರೆ ನಿಮಗೆ ನಂಬಿಕೆ ಇರುವವರನ್ನು ಕರೆಸಬಹುದು.

ಮಾರುವವರೇ ಮೊದಲ ವರ್ಷದ ವಾರಂಟಿ ಕೊಡಿಸಿದರೆ ಧಾರಾಳವಾಗಿ ತಗೊಳ್ಳಿ. ಯಂತ್ರಗಳು ಹಳೆಯವು, ಡೌನ್ ಪೇಮೆಂಟ್‌ಗೆ ಉಳಿತಾಯವೆಲ್ಲ ಖಾಲಿ ಅಂದರೆ ಒಂದೆರಡು ವರ್ಷಕ್ಕೆ ವಾರಂಟಿ ಸರಿ. ಯಂತ್ರಗಳು ಹೊಸವು, ಕೈಯಲ್ಲಿ ಕೆಲವು ಸಾವಿರ ಡಾಲರ್ ಇದೆ ಅನ್ನುವವರಿಗೆ ಎತ್ತಿಡುವುದೇ ಮೇಲು.