‘ಲ್ಯೂಬೆಕ್ ಶೈಲಿ’ಯ ಮಾರ್ಜಿಪಾನ್ ಕೊಳ್ಳುವ ಮುನ್ನ

ಜರ್ಮನಿಯಿಂದ ಊರಿಗೆ ಹೊರಡುವ ನಮ್ಮವರಲ್ಲಿ ಹಲವರು ಚಾಕೊಲೇಟಿನ ಜೊತೆಗೆ ಲ್ಯೂಬೆಕ್ ನಗರದ ಬಾದಾಮಿ ಸಿಹಿಯಾದ ಮಾರ್ಜಿಪಾನನ್ನೂ ಒಯ್ಯುತ್ತಾರೆ. ಹಾಗೆ ಒಯ್ಯಲೆಂದೇ ಆನ್‌ಲೈನ್ ಅಂಗಡಿಯೊಂದರಿಂದ ನಾನು ಹ್ಯಾಂಬರ್ಗಿಗೆ ತರಿಸಿಕೊಂಡ ಡಬ್ಬಗಳಲ್ಲಿ ಬಾದಾಮಿಯೇ ಇರಲಿಲ್ಲ. ಉಳಿದವರ ಹಣವಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಡಬ್ಬದ ಮೇಲೆ ಲ್ಯೂಬೆಕ್‌ನ ಹಳೆಯ ಕೋಟೆಬಾಗಿಲಿನ ಚಿತ್ರವಿತ್ತು. 1407ರ ಕ್ಷಾಮದಲ್ಲಿ ಧಾನ್ಯವೆಲ್ಲ ಮುಗಿದು ಉಗ್ರಾಣದಲ್ಲಿ ಬಾದಾಮಿ, ಸಕ್ಕರೆಗಳಷ್ಟೇ ಉಳಿದಾಗ ಬೇಕರಿಯವರು ಅವುಗಳಿಂದಲೇ ಬ್ರೆಡ್ ಮಾಡಿ ಜನರನ್ನು ಬದುಕಿಸಿದರು ಎಂಬ ಕಥೆ ಅದರ ಹಿಂಬದಿಯಲ್ಲಿತ್ತು. ಇದು ದಂತಕಥೆ. ಬಾಲ್ಟಿಕ್ ಸಮುದ್ರದ ಬಳಿಯ ಆ ಚಳಿಯ ನಾಡಿಗೆ ಹಾನ್ಸಾ ಎಂಬ ವ್ಯಾಪಾರಿ ನಗರಗಳ ಒಕ್ಕೂಟದ ವರ್ತಕರು ದೂರದ ಮೆಡಿಟರೇನಿಯನ್ ಕಡೆಯಿಂದ ತರಿಸುತ್ತಿದ್ದ ಬಾದಾಮಿಯೂ, ಔಷಧದ ಅಂಗಡಿಗಳಲ್ಲಿ ತೂಗಿ ಮಾರುತ್ತಿದ್ದ ಸಕ್ಕರೆಯೂ ಆಗ ಸಿರಿವಂತರ ಪದಾರ್ಥಗಳಾಗಿದ್ದವು. ಸ್ಪೇನಿನ ಟೊಲೆಡೊದವರೂ ತಮ್ಮ ಮಾರ್ಜಿಪಾನಿನ ಹುಟ್ಟಿಗೆ ಇಂಥದೇ ಹಸಿವಿನ ಕಥೆ ಹೇಳುತ್ತಾರೆ. (ಗೋಧಿ ಸಿಗದ ಊರುಗಳಲ್ಲೆಲ್ಲ ಬಾದಾಮಿ ಹೇಗೋ ಸಿಗುತ್ತಿತ್ತು ಎನ್ನಬೇಕು!) ಲ್ಯೂಬೆಕ್‌ನ ದಾಖಲೆಗಳಲ್ಲಿ ಈ ಸಿಹಿಯ ಹೆಸರು ಮೊದಲು ಕಾಣುವುದು 1530ರಲ್ಲಿ, ವೃತ್ತಿಸಂಘದ ಕಡತದಲ್ಲಿ. ಅಲ್ಲಿಯ ಪ್ರಸಿದ್ಧ ನೀಡರೆಗ್ಗರ್ ಸಂಸ್ಥೆ 1806ರಲ್ಲಿ ಆರಂಭವಾಯಿತು. ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಉದ್ಯಮ 19ನೆಯ ಶತಮಾನದಲ್ಲಿ ಬೆಳೆದ ಮೇಲೆಯೇ ಮಾರ್ಜಿಪಾನ್ ಸಾಮಾನ್ಯರ ಕೈಗೆಟುಕಿತು.

ಧಾರವಾಡ ಪೇಢೆಗೆ ನಮ್ಮಲ್ಲಿ ಜಿಐ ಮಾನ್ಯತೆ ಇರುವಂತೆ, ‘ಲ್ಯೂಬೆಕ್ ಮಾರ್ಜಿಪಾನ್’ ಎಂಬ ಹೆಸರಿಗೆ 1996ರಿಂದ ಐರೋಪ್ಯ ಒಕ್ಕೂಟದ ರಕ್ಷಣೆಯಿದೆ. ಲ್ಯೂಬೆಕ್‌ನಲ್ಲಿ ಮತ್ತು ಅದಕ್ಕೆ ಹೊಂದಿಕೊಂಡಿರುವ ಬಾಡ್ ಶ್ವಾರ್ಟಾವ್, ಸ್ಟೊಕೆಲ್ಸ್‌ಡೋರ್ಫ್ ಎಂಬ ಊರುಗಳಲ್ಲಿ ತಯಾರಾದದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಬಾದಾಮಿ ಹೊರಗಿನಿಂದಲೇ ಬರುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಸಾಮಾನ್ಯ ಮಾರ್ಜಿಪಾನಿನಲ್ಲಿ ಅರೆದ ಬಾದಾಮಿಯ ಮೂಲ ಹಿಟ್ಟಿಗೆ ಸರಿಸಮ ತೂಕದ ಸಕ್ಕರೆ ಬೆರೆಸಲು ಅವಕಾಶವಿದ್ದರೆ, ಲ್ಯೂಬೆಕ್‌ನದರಲ್ಲಿ ಆ ಹಿಟ್ಟು ಕನಿಷ್ಠ 70 ಪ್ರತಿಶತ, ಉತ್ತಮ ದರ್ಜೆಯದರಲ್ಲಿ 90 ಪ್ರತಿಶತ ಇರಬೇಕು.

ನನಗೆ ಬಂದದ್ದು ಪರ್ಸಿಪಾನ್. ಏಪ್ರಿಕಾಟ್ ಅಥವಾ ಪೀಚ್ ಹಣ್ಣಿನ ಓಟೆಯೊಳಗಿನ ತಿರುಳಿನಿಂದ ಮಾಡುವ ಈ ಅಗ್ಗದ ಸಿಹಿ ಕಾನೂನುಬಾಹಿರವೇನಲ್ಲ, ಅದನ್ನು ಅದರದೇ ಹೆಸರಿನಲ್ಲಿ ಮಾರಿದರೆ ತಕರಾರೂ ಇಲ್ಲ. ಆದರೆ ವೆಬ್ ಪುಟದಲ್ಲಿ ಡಬ್ಬದ ಮುಂಬದಿಯ ಚಿತ್ರವನ್ನಷ್ಟೇ ಹಾಕಿದ್ದರು. ಪರ್ಸಿಪಾನ್ ಎಂಬುದು ಕೆಳಬದಿಯ ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ಪ್ರಶ್ನಿಸಿದಾಗ, ‘ಲ್ಯೂಬೆಕ್ ಶೈಲಿ ಎಂದೇ ಬರೆದಿದ್ದೇವೆ, ತೆರೆದ ಡಬ್ಬವನ್ನು ವಾಪಸು ಪಡೆಯುವುದಿಲ್ಲ’ ಎಂಬ ಉತ್ತರ ಬಂತು. ರಕ್ಷಿತ ಹೆಸರಿಗೆ ‘ಶೈಲಿ’, ‘ಮಾದರಿ’ ಎಂದು ಬಾಲಂಗೋಚಿ ಸೇರಿಸಿ ಬಳಸುವುದನ್ನೂ ಐರೋಪ್ಯ ನಿಯಮ ನಿಷೇಧಿಸಿರುವುದರಿಂದ ಆ ಸಮರ್ಥನೆ ನಿಲ್ಲುವಂಥದ್ದಲ್ಲ.

ಕೊಳ್ಳುವ ಮೊದಲು ಈ ಐರೋಪ್ಯ ರಕ್ಷಣೆಯ ಗುರುತಾದ ನೀಲಿ–ಹಳದಿ ಬಣ್ಣದ ದುಂಡು ಮುದ್ರೆಯನ್ನು ಹುಡುಕಿ. ಪದಾರ್ಥಗಳ ಪಟ್ಟಿಯ ಫೋಟೋ ಹಾಕದ ಅಂಗಡಿಯಿಂದ ತರಿಸಲೇಬೇಡಿ. ಪಟ್ಟಿಯಲ್ಲಿ ‘ಮಾಂಡೆಲ್ನ್’ ಎಂದಿದ್ದರೆ ಬಾದಾಮಿ, ‘ಅಪ್ರಿಕೋಸೆನ್‌ಕೆರ್ನೆ’ ಎಂದಿದ್ದರೆ ಏಪ್ರಿಕಾಟ್ ತಿರುಳು. ಈಗಾಗಲೇ ಮೋಸಹೋದವರು ಡಬ್ಬವನ್ನೂ ಬಿಲ್ಲನ್ನೂ ಎಸೆಯದೆ, ಜರ್ಮನಿಯ ಪ್ರತಿ ರಾಜ್ಯದಲ್ಲಿಯೂ ಇರುವ ಗ್ರಾಹಕ ಸಲಹಾ ಕೇಂದ್ರಕ್ಕೆ ಬರೆಯಬಹುದು. ನಾನು ಬರೆದಿದ್ದೇನೆ, ಹಣವಿನ್ನೂ ವಾಪಸು ಬಂದಿಲ್ಲ.