ಲೇಟೆಕ್ಸೋ, ಸಿಲಿಕಾನೋ, ನಾವೇ ಹಾಕಿ ತೆಗೆಯುವ ನಳಿಕೆಯೋ

ಬೆಳೆದು ಮೂತ್ರದ ದಾರಿಗೆ ಅಡ್ಡವಾದ ಪ್ರಾಸ್ಟೇಟ್ ಗ್ರಂಥಿಯ ಒಳಭಾಗವನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆಯುವ ಟಿಯುಆರ್‌ಪಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಎರಡು ಮೂರು ದಿನಗಳಲ್ಲಿ ಕ್ಯಾಥೆಟರ್, ಅಂದರೆ ಮೂತ್ರ ಹೊರತರುವ ನಳಿಕೆ, ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನನಗೆ ಆ ಭಾಗ್ಯವಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆಯ ಜೊತೆಗೆ, ವರ್ಷಗಟ್ಟಲೆ ಅಡ್ಡಿಯ ವಿರುದ್ಧ ತಿಣುಕಿ ಮೂತ್ರಕೋಶವೂ ಸೋತಿದ್ದರಿಂದ, ಗ್ರಂಥಿಯ ಅಡ್ಡಿ ಹೋದ ಮೇಲೂ ಮೂತ್ರ ಪೂರ್ತಿಯಾಗಿ ಹೊರಬರಲಿಲ್ಲ. ಹೀಗಾಗಿ 67ನೆಯ ವಯಸ್ಸಿನಲ್ಲಿ, ಮೂರೂವರೆ ತಿಂಗಳೊಳಗೆ, ಬಗೆಬಗೆಯ ನಳಿಕೆಗಳ ಪರಿಚಯ ನನಗಾಯಿತು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಹಾಕಿದ 22ನೆಯ ಸಂಖ್ಯೆಯ ಮೂರು ಕವಲಿನ ನಳಿಕೆಯನ್ನು ಹೋಲಿಕೆಗೆ ತರುವುದಿಲ್ಲ. ಅಲ್ಲಿ ರೋಗಿಗೆ ಆಯ್ಕೆಯೇ ಇರುವುದಿಲ್ಲ. ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ದಪ್ಪ ಎಷ್ಟು ಮಿಲಿಮೀಟರ್ ಎಂಬುದು ಸಿಗುತ್ತದೆ. ಅಂದರೆ ಅದು ಏಳು ಮಿಲಿಮೀಟರಿಗೂ ಹೆಚ್ಚು. ಒಂದು ಕವಲಿನಿಂದ ಸಲೈನ್ ಒಳಗೆ ಹೋಗಿ ರಕ್ತದ ಹೆಪ್ಪನ್ನು ತೊಳೆದುಕೊಂಡು ಬರಬೇಕಾದ್ದರಿಂದ ಆ ದಪ್ಪ ಅನಿವಾರ್ಯ. ಚೀಲದ ನೀರು ಬೀಟ್‌ರೂಟ್ ಬಣ್ಣದಿಂದ ನಿಂಬೆ ಷರಬತ್ತಿನ ಬಣ್ಣಕ್ಕೆ ತಿರುಗಿದ ಮೂರನೆಯ ದಿನ ಅದನ್ನು ತೆಗೆದರು.

ಅದೇ ರಾತ್ರಿ ಮೂತ್ರ ಕಟ್ಟಿತು. ಹತ್ತಿರದ ನರ್ಸಿಂಗ್ ಹೋಮ್ ಒಂದರಲ್ಲಿ, ತುದಿಯ ಬಲೂನಿಗೆ ನೀರು ತುಂಬಿ ಮೂತ್ರಕೋಶದಲ್ಲಿ ನಿಲ್ಲಿಸುವ, ಸಾಸಿವೆ ಬಣ್ಣದ ಲೇಟೆಕ್ಸ್ ರಬ್ಬರಿನ ಫೋಲಿ ಕ್ಯಾಥೆಟರನ್ನು, 18ನೆಯ ಸಂಖ್ಯೆಯದನ್ನು, ‘ದಪ್ಪ ಇದ್ದರೆ ಪಕ್ಕದಿಂದ ಸೋರುವುದಿಲ್ಲ ಯಜಮಾನರೇ’ ಎಂಬ ಭರವಸೆಯೊಂದಿಗೆ ಹಾಕಿದರು. ಆ ಭರವಸೆ ಎರಡೇ ದಿನ ಬಾಳಿತು. ಮೂತ್ರಕೋಶ ಒಮ್ಮೆಲೇ ಹಿಂಡಿದಂತಾಗಿ, ಕಿಬ್ಬೊಟ್ಟೆಯಿಂದ ಶಿಶ್ನದ ತುದಿಯವರೆಗೆ ಉರಿ ಹರಿದು, ನಳಿಕೆಯ ಸುತ್ತಲಿನಿಂದಲೇ ಮೂತ್ರ ಜಿನುಗಿ ಪಂಚೆ ಒದ್ದೆಯಾಗುತ್ತಿತ್ತು. ನನ್ನ ಮೂತ್ರರೋಗ ತಜ್ಞರು ನಂತರ ವಿವರಿಸಿದ ಪ್ರಕಾರ, ಸೋರಿಕೆಗೆ ಕಾರಣ ನಳಿಕೆ ಸಣ್ಣದಿರುವುದಲ್ಲ, ಒಳಗಿನ ಬಲೂನು ಕೆರಳಿಸಿದಾಗ ಮೂತ್ರಕೋಶ ಸೆಟೆದುಕೊಳ್ಳುವುದು. ನಳಿಕೆಯೂ ಬಲೂನೂ ದೊಡ್ಡದಾದಷ್ಟು ಆ ಕೆರಳಿಕೆ ಹೆಚ್ಚುತ್ತದೆ. ಅವರು ಬರೆದುಕೊಟ್ಟ ಸಾಲಿಫೆನಾಸಿನ್ ಮಾತ್ರೆಯಿಂದ ಸೆಳೆತ ತಗ್ಗಿತು, ಬಾಯಿ ಮಾತ್ರ ಅವಲಕ್ಕಿ ಮುಕ್ಕಿದಂತೆ ಒಣಗಿತು. ಮಲಬದ್ಧತೆಯಾದ ದಿನ ಸೆಳೆತ ಇಮ್ಮಡಿಯಾಗುತ್ತದೆ ಎಂಬುದನ್ನು ನಾನೇ ಕಂಡುಕೊಂಡೆ.

ಹದಿನೆಂಟು ದಿನಗಳ ನಂತರ ಅದನ್ನು ತೆಗೆದು, ಪೂರ್ಣ ಸಿಲಿಕಾನಿನ 16ನೆಯ ಸಂಖ್ಯೆಯದನ್ನು ಹಾಕಿದರು. ಬೆಲೆ ಲೇಟೆಕ್ಸಿನ ಹಲವು ಪಟ್ಟು. ಆದರೆ ಸಿಲಿಕಾನಿನ ಗೋಡೆ ತೆಳುವಾಗಿರುವುದರಿಂದ ಹೊರದಪ್ಪ ಕಡಿಮೆಯಾದರೂ ಒಳದಾರಿ ಕಿರಿದಾಗುವುದಿಲ್ಲ. ಪಾರದರ್ಶಕವಾದ್ದರಿಂದ ಒಳಗೆ ಕಸರು ಕಟ್ಟಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಲೇಟೆಕ್ಸ್ ನಳಿಕೆಯಿಂದ ಶಿಶ್ನದ ತುದಿಯಲ್ಲಿ ಬರುತ್ತಿದ್ದ ಕೀವಿನಂಥ ಅಂಟು ಒಂದು ವಾರದಲ್ಲಿ ನಿಂತುಹೋಯಿತು. ಇದು ಸ್ವಲ್ಪ ಬಿರುಸು, ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತಾಗ ಒತ್ತಿದಂತಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ಸಿಲಿಕಾನ್ ಸೋತದ್ದು ತೆಗೆಯುವ ಹೊತ್ತಿನಲ್ಲಿ. ಅದರ ಬಲೂನಿನ ನೀರು ದಿನಕಳೆದಂತೆ ಗೋಡೆಯ ಮೂಲಕ ತಾನಾಗಿ ತುಸು ಕಡಿಮೆಯಾಗುತ್ತದೆ. 10 ಮಿಲಿಲೀಟರ್ ಹಾಕಿದ್ದು ಐದು ವಾರದ ನಂತರ ಸಿರಿಂಜಿಗೆ ಬಂದದ್ದು ಏಳೂವರೆ. ಖಾಲಿಯಾದ ಬಲೂನು ಲೇಟೆಕ್ಸಿನಂತೆ ನುಣ್ಣಗೆ ಕುಗ್ಗದೆ ಬಳೆಯಂತೆ ಮಡಿಕೆ ಬೀಳುವುದರಿಂದ, ಹೊರಬರುವಾಗ ಆ ಬಳೆ ದಾರಿಯುದ್ದಕ್ಕೂ ತನ್ನ ಇರವನ್ನು ತಿಳಿಸುತ್ತದೆ. ಅನುಭವಿ ಸಿಸ್ಟರ್ ಒಬ್ಬರು ಸಿರಿಂಜಿನ ಹಿಡಿಯನ್ನು ಎಳೆಯಲೇ ಇಲ್ಲ; ಸಿಕ್ಕಿಸಿ, ನೀರು ತಾನಾಗಿ ತುಂಬಿಕೊಳ್ಳುವವರೆಗೆ ಕಿಟಕಿಯ ಹೊರಗೆ ನೋಡುತ್ತ ನಿಂತರು. ಹಾಗೆ ಮಾಡಿದರೆ ಮಡಿಕೆ ಕಡಿಮೆಯಂತೆ. ಆದರೂ ಆ ಒಂದು ಕ್ಷಣ ಹಲ್ಲು ಕಚ್ಚಿದೆ.

ಇಷ್ಟಾದರೂ, ನೆಮ್ಮದಿಯ ಲೆಕ್ಕದಲ್ಲಿ ಲೇಟೆಕ್ಸಿಗೂ ಸಿಲಿಕಾನಿಗೂ ಇರುವ ಅಂತರಕ್ಕಿಂತ, ತೊಡೆಗೆ ಕಟ್ಟಿದ ನಳಿಕೆಗೂ ಕಟ್ಟದ ನಳಿಕೆಗೂ ಇರುವ ಅಂತರ ದೊಡ್ಡದು. ಇದನ್ನು ಆಸ್ಪತ್ರೆಯಲ್ಲಿ ಯಾರೂ ಒತ್ತಿ ಹೇಳಲಿಲ್ಲ. ಒಂದು ರಾತ್ರಿ ಗೋಡೆಯ ಕಡೆ ಮಗ್ಗುಲು ಬದಲಿಸಿದಾಗ, ಮಂಚದ ಈಚೆ ಕೊಕ್ಕೆಯಲ್ಲಿದ್ದ ಎರಡು ಲೀಟರಿನ ಚೀಲ ತನ್ನ ಭಾರದಿಂದ ನಳಿಕೆಯನ್ನು ಜಗ್ಗಿ, ಬೆಳಗ್ಗೆ ಮೂತ್ರ ಕೆಂಪಗಾಗಿತ್ತು. ಮರುದಿನ ಹೆಂಡತಿ ನನ್ನ ಹಳೆಯ ಪಂಚೆಯ ಅಂಚನ್ನು ಹರಿದು, ಎರಡು ಬೆರಳು ತೂರುವಷ್ಟು ಸಡಿಲವಾಗಿ ತೊಡೆಗೆ ಸುತ್ತಿ, ನಳಿಕೆಯನ್ನು ಒಂದು ಬಳುಕು ಬಿಟ್ಟು ಅದಕ್ಕೆ ಸೇರಿಸಿದಳು. ಅಂಟುಪಟ್ಟಿ ಕೂದಲು ಕೀಳುತ್ತಿತ್ತು, ಬೆವರಿಗೆ ಬಿಡುತ್ತಿತ್ತು. ಪಂಚೆಯ ಅಂಚು ಎರಡನ್ನೂ ಮಾಡಲಿಲ್ಲ. ಹಗಲಿಗೆ ಕಾಲಿಗೆ ಕಟ್ಟುವ ಅರ್ಧ ಲೀಟರಿನ ಚೀಲ ಪಂಚೆಯೊಳಗೆ ಮರೆಯಾಗುತ್ತದೆ, ಮದುವೆಮನೆಗೂ ಹೋಗಿಬರಬಹುದು. ಆದರೆ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಜಗ್ಗಲು ಶುರುಮಾಡುತ್ತದೆ. ಯಾವ ಚೀಲವಾದರೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ಸಿಲಿಕಾನ್ ತೆಗೆದ ಮೇಲೂ, ಮೂತ್ರ ಮಾಡಿದ ನಂತರ ಮೂತ್ರಕೋಶದಲ್ಲಿ 380 ಮಿಲಿಲೀಟರ್ ಉಳಿಯುತ್ತಿದ್ದುದರಿಂದ, ದಿನಕ್ಕೆ ನಾಲ್ಕು ಬಾರಿ ನಾನೇ ನಳಿಕೆ ತೂರಿಸಿ ಖಾಲಿ ಮಾಡುವ ಕ್ರಮವನ್ನು ತಜ್ಞರು ಸೂಚಿಸಿದರು. ಅಮೆರಿಕದ ಜಾಕ್ ಲ್ಯಾಪಿಡಿಸ್ 1972ರಲ್ಲಿ ಪ್ರಕಟಿಸಿದ ಈ ಕ್ರಮಕ್ಕೆ ಸ್ಟೆರೈಲ್ ಕೈಗವಸು ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ ಸಾಕು. ಕೇಳಿದಾಗಲೇ ನನ್ನ ಅಂಗೈ ಬೆವೆತಿತ್ತು. ಮೊದಲ ದಿನ ಬಚ್ಚಲುಮನೆಯಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಹಚ್ಚಿದ 14ನೆಯ ಸಂಖ್ಯೆಯ ನಳಿಕೆ ಪ್ರಾಸ್ಟೇಟ್ ಇರುವ ಜಾಗದಲ್ಲಿ ತಡೆಯಿತು. ಅಲ್ಲಿ ತಳ್ಳಬಾರದು, ನಿಲ್ಲಿಸಿ, ಉಸಿರು ಬಿಟ್ಟು, ಒಮ್ಮೆ ಕೆಮ್ಮಿದರೆ ದಾರಿ ಬಿಡುತ್ತದೆ. ವಾರದೊಳಗೆ ಅದು ಐದು ನಿಮಿಷದ ಕೆಲಸವಾಯಿತು. ನೀರು ತಾಗಿದರೆ ತಾನೇ ಜಾರುವ ಲೇಪನದ ನಳಿಕೆ ಇನ್ನೂ ಸಲೀಸು, ಆದರೆ ದಿನಕ್ಕೆ ನಾಲ್ಕರಂತೆ ಕೊಳ್ಳುವುದು ಪಿಂಚಣಿಗೆ ಭಾರ; ಅದನ್ನು ಪ್ರಯಾಣಕ್ಕೆ ಮಾತ್ರ ಇಟ್ಟುಕೊಂಡೆ.

ಬಲೂನಿಲ್ಲ, ಚೀಲವಿಲ್ಲ, ಸೆಳೆತವಿಲ್ಲ. ಮಗ್ಗುಲು ಬದಲಿಸಲು ಯಾರ ಅಪ್ಪಣೆಯೂ ಬೇಡ. ಆರು ವಾರಗಳಲ್ಲಿ ಉಳಿಕೆ 60ಕ್ಕೆ ಇಳಿದು, ಅದನ್ನೂ ನಿಲ್ಲಿಸಲಾಯಿತು. ಮೂರರಲ್ಲಿ ನನ್ನ ಆಯ್ಕೆ ಇದೇ. ಆದರೆ ಕಳೆದ ತಿಂಗಳು ಇದೇ ಸ್ಥಿತಿಯಲ್ಲಿದ್ದ ಭಾವನವರು ಕೇಳಿದಾಗ ನಾನು ಇದನ್ನು ಹೇಳಲಿಲ್ಲ. ಅವರ ಕೈ ಕಾಫಿ ಲೋಟವನ್ನೇ ನೆಟ್ಟಗೆ ಹಿಡಿಯಲಾರದಷ್ಟು ನಡುಗುತ್ತದೆ. 16ನೆಯ ಸಂಖ್ಯೆಯ ಸಿಲಿಕಾನಿನ ಬಗ್ಗೆ ಅವರ ವೈದ್ಯರನ್ನು ಕೇಳಲು ಹೇಳಿ, ಪಂಚೆಯ ಅಂಚನ್ನು ತೊಳೆದು, ಬಿಸಿಲಿಗೆ ಒಣಗಿಸಿ ಅವರಿಗೆ ಕೊಟ್ಟು ಬಂದೆ.