8 ಇಂಚಿನ ಫಿಲಿಪ್ಸ್, ಎದೆಯೆತ್ತರದ ಆಲ್ಟೆಕ್: ಒಂದೇ ಹಾಲ್‌ನಲ್ಲಿ ಎರಡು ವಾರ

ಗೆಳೆಯ ಮನೆ ಬದಲಿಸುತ್ತಿದ್ದ. "ಎರಡು ವಾರ ಇಟ್ಕೊಳೋ ಮಾರಾಯ" ಎಂದು ತನ್ನ ಆಲ್ಟೆಕ್ ಎ7 ಸ್ಪೀಕರ್ ಜೋಡಿಯನ್ನು ನಮ್ಮ ಹಾಲ್‌ನಲ್ಲಿ ಇಳಿಸಿ ಹೋದ. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಕೆಳಗೆ ದೊಡ್ಡ ಪೆಟ್ಟಿಗೆ, ಅದರೊಳಗೆ ಕೆಳಗಿನ ಸ್ವರಗಳಿಗೆ 15 ಇಂಚಿನ ವೂಫರ್. ಮೇಲೆ ಬಾಯಿ ತೆರೆದು ಕೂತ ಅಲ್ಯೂಮಿನಿಯಂ ಹಾರ್ನ್, ಅಂದರೆ ಮೇಲಿನ ಸ್ವರಗಳ ಕಹಳೆ. ಇವು ಮನೆಗೆಂದು ಮಾಡಿದ್ದೇ ಅಲ್ಲ, ಸಿನಿಮಾ ಥಿಯೇಟರ್‌ಗೆ ಮಾಡಿದ್ದು.

ನನ್ನ ಹತ್ತಿರ ಇರುವುದು ಹಾಲೆಂಡಿನ ಫಿಲಿಪ್ಸ್ 9710 ಎಂ. 8 ಇಂಚಿನ ಫುಲ್‌ರೇಂಜ್, ಅಂದರೆ ಎಲ್ಲ ಸ್ವರಕ್ಕೂ ಒಂದೇ ಸ್ಪೀಕರ್. ಒಂದೇ ಕಾಯಿಲ್, ದೊಡ್ಡ ಕಾಗದದ ಕೋನ್, ಅದರ ನಡುವೆ ಮೇಲಿನ ಸ್ವರಗಳಿಗೆಂದು ಇನ್ನೊಂದು ಪುಟ್ಟ ಕೋನ್. ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡಿ ಹಂಚುವ ಕ್ರಾಸ್‌ಓವರ್ ಇಲ್ಲವೇ ಇಲ್ಲ. ಪ್ಲೈವುಡ್ ಪೆಟ್ಟಿಗೆ ನಾನೇ ಬಡಗಿಯಿಂದ ಮಾಡಿಸಿದ್ದು.

ಎರಡಕ್ಕೂ ಒಂದೇ ಆಂಪ್ಲಿಫೈಯರ್, ಇಎಲ್84 ಎಂಬ ಗಾಜಿನ ವಾಲ್ವ್‌ನದು, 5 ವ್ಯಾಟ್ ಕೂಡ ಬರುವುದಿಲ್ಲ. ಫಿಲಿಪ್ಸ್‌ನಲ್ಲಿ ಇಷ್ಟು ವರ್ಷ ಅದು ಮೌನವಾಗಿದೆ ಅಂದುಕೊಂಡಿದ್ದೆ. ಆಲ್ಟೆಕ್‌ಗೆ ತಂತಿ ಜೋಡಿಸಿದ್ದೇ ತಡ, "ಗುಂಯ್" ಅಂತ ಶುರುವಾಯಿತು. ತಪ್ಪು ಹಾರ್ನಿನದಲ್ಲ, ನನ್ನ ಆಂಪ್‌ನದು. ಹಾರ್ನ್ ಯಾವುದನ್ನೂ ಮುಚ್ಚಿಡುವುದಿಲ್ಲ.

ಮೊದಲು ಹಾಕಿದ್ದು ಹೆಣ್ಣುದನಿಯ ಕಛೇರಿ, ಐದು ಮನೆ ಶ್ರುತಿ. ಇಲ್ಲೇ ವ್ಯತ್ಯಾಸ ಗೊತ್ತಾಗಿದ್ದು. ಎ7ನ ಈ ಮಾದರಿಯಲ್ಲಿ 500 ಹರ್ಟ್ಸ್ ಆಸುಪಾಸಿನಲ್ಲಿ ವೂಫರ್ ಬಿಟ್ಟು ಹಾರ್ನ್ ಹಿಡಿದುಕೊಳ್ಳುತ್ತದೆ. ಐದು ಮನೆಯ ತಾರ ಷಡ್ಜ ಸುಮಾರು 392 ಹರ್ಟ್ಸ್, ತಾರದ ಅಂತರ ಗಾಂಧಾರ 490ರ ಹತ್ತಿರ. ಅಂದರೆ ಗಾಯಕಿ ಮೇಲೇರಿ ಗಾಂಧಾರದಲ್ಲಿ ನಿಂತು ತೂಗುವಾಗ, ಸರಿಯಾಗಿ ಆ ಗಡಿಯ ಮೇಲೆಯೇ ತೂಗುತ್ತಿರುತ್ತಾರೆ! 8 ಅಡಿ ದೂರದಲ್ಲಿ ಕೂತರೆ ದನಿ ಪೆಟ್ಟಿಗೆಯಿಂದ ಎದ್ದು ಹಾರ್ನಿಗೆ ಹತ್ತಿದಂತೆ ಕೇಳುತ್ತದೆ. ಫಿಲಿಪ್ಸ್‌ನಲ್ಲಿ ಆ ತಾಪತ್ರಯ ಇಲ್ಲ. ಮಂದ್ರದಿಂದ ತಾರದವರೆಗೆ ಒಂದೇ ಗಂಟಲು, ಒಂದೇ ಜಾಗ. ಗಮಕದಲ್ಲಿ ಒಂದು ಎಳೆಯೂ ತುಂಡಾಗುವುದಿಲ್ಲ.

ಆಮೇಲೆ ಆಲ್ಟೆಕ್‌ನಲ್ಲಿ ಮೃದಂಗದ ತನಿ (ಒಂಟಿ ವಾದನ) ಹಾಕಿದೆ. ಹಾಗೇ ಕೂತುಬಿಟ್ಟೆ. ಚಾಪು ಎಂಬ ಪೆಟ್ಟು ಚರ್ಮದ ಮೇಲೆ ಬಿದ್ದ ಕ್ಷಣವೇ ಎದೆಗೆ ತಾಗುತ್ತದೆ. ಫಿಲಿಪ್ಸ್‌ನಲ್ಲಿ ಅದೇ ಪೆಟ್ಟು ಚೆನ್ನಾಗಿಯೇ ಇದೆ, ಆದರೆ ಪಕ್ಕದ ಕೋಣೆಯಲ್ಲಿ ಬಾರಿಸಿದ ಹಾಗೆ. ನಾಗಸ್ವರದಲ್ಲಂತೂ ಹೋಲಿಸುವ ಮಾತೇ ಇಲ್ಲ, ಅದೂ ಒಂದು ಹಾರ್ನೇ ಅಲ್ವಾ?

ಕಾರಣ ಸರಳ. ಮಾಮೂಲಿ ಕೋನ್ ಸ್ಪೀಕರ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಸದ್ದಾಗುವುದು ನೂರಕ್ಕೆ ಒಂದೆರಡು ಪಾಲು, ಉಳಿದದ್ದು ಕಾಯಿಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾರ್ನಿನ ಕಿರಿದಾದ ಗಂಟಲಿನಲ್ಲಿ ಡಯಾಫ್ರಾಂಗೆ (ಸದ್ದು ಹೊರಡಿಸುವ ತೆಳು ಪೊರೆಗೆ) ಗಾಳಿಯ ಮೇಲೆ ಹಿಡಿತ ಸಿಗುತ್ತದೆ. ಹಾಗಾಗಿ ಅದು ಅಲುಗುವುದು ಕಮ್ಮಿ, ಸದ್ದು ಜಾಸ್ತಿ. ಟಾಕಿ ಬಂದ ಕಾಲದಲ್ಲಿ ಆಂಪ್‌ಗಳಿಂದ ಸಿಗುತ್ತಿದ್ದದ್ದೇ ಕೆಲವು ವ್ಯಾಟ್. ಅದರಲ್ಲೇ ದೊಡ್ಡ ಸಭಾಂಗಣ ತುಂಬಬೇಕಿತ್ತು. ನಮ್ಮ ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದೂ ಮೈಕ್ ಇಲ್ಲದ ಕಛೇರಿಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದೇ.

ಅಷ್ಟು ದೊಡ್ಡ ಪೆಟ್ಟಿಗೆ ನೋಡಿ ಆಲ್ಟೆಕ್‌ನಲ್ಲಿ ನೆಲ ನಡುಗುವ ಬೇಸ್ ಬರುತ್ತದೆ ಅಂದುಕೊಳ್ಳಬೇಡಿ. ಬೇಸ್ ಚುರುಕಾಗಿದೆ, ಆದರೆ ತುಂಬ ಕೆಳಕ್ಕೆ ಇಳಿಯುವುದಿಲ್ಲ. ಇನ್ನು ಹಾರ್ನನ್ನು ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ "ಟಣ್" ಎನ್ನುತ್ತದೆ. ಜೋರು ಪಿಟೀಲಿನಲ್ಲಿ ಆ ಲೋಹದ ಛಾಯೆ ಸ್ವಲ್ಪ ಕೇಳುತ್ತದೆ. ಒಂದು ಸಂಜೆ ಅದು ಇದ್ದಕ್ಕಿದ್ದಂತೆ ಕಮ್ಮಿಯಾಯಿತು. ನೋಡಿದರೆ ನನ್ನವಳು ಮಡಚಿದ ಬೆಡ್‌ಶೀಟ್‌ಗಳನ್ನೆಲ್ಲ ಎರಡೂ ಹಾರ್ನಿನ ಬೆನ್ನ ಮೇಲೆ ಪೇರಿಸಿದ್ದಳು. "ತೆಗೀಬೇಡ, ಹಾಗೇ ಇರಲಿ" ಎಂದೆ. ವಿಚಿತ್ರವಾಗಿ ನೋಡಿದಳು.

ಫಿಲಿಪ್ಸ್ ಸಾಚಾ ಅಂತಲೂ ಅಲ್ಲ. ಕುರ್ಚಿ ಒಂದಡಿ ಪಕ್ಕಕ್ಕೆ ಸರಿದರೆ ತಾಳದ ಝಣಝಣ ಮಾಯ. ಪಲ್ಲವಿಯಲ್ಲಿ ಎಲ್ಲರೂ ಒಟ್ಟಿಗೆ ಬಿದ್ದಾಗ ಕೋನ್‌ಗೆ ಉಸಿರು ಕಟ್ಟುತ್ತದೆ. ಸಾಲದ್ದಕ್ಕೆ, ಹಿಂದೆ ಯಾವನೋ ರಿಪೇರಿಯವನು ಎಡಗಡೆಯದರ ಒಳಕೋನ್‌ಗೆ ಅಂಟು ಜಾಸ್ತಿ ಮೆತ್ತಿದ್ದ. ಅದರಲ್ಲಿ 'ಸ'ಕಾರ ಈಗಲೂ ಕಿವಿಗೆ ಚುಚ್ಚುತ್ತದೆ.

ಕೊನೆಗೆ ಸೋಫಾವನ್ನು ಹಿಂದಿನ ಗೋಡೆಗೆ ತಳ್ಳಿ 14 ಅಡಿ ದೂರದಲ್ಲಿ ಕೂತೆ. ಆಗ ಆಲ್ಟೆಕ್‌ನ ವೂಫರ್, ಹಾರ್ನ್ ಎರಡೂ ಒಂದಾದವು. ಆದರೆ ಊಟದ ಮೇಜು ಅಡುಗೆಮನೆ ಬಾಗಿಲಿಗೆ ಅಡ್ಡ ಬಂತು. 10-12 ಅಡಿ ಕೋಣೆ, ಹಾಡುಗಾರಿಕೆ, ವೀಣೆ ಅಂದರೆ ಹಳೇ ಫುಲ್‌ರೇಂಜ್ ಕಣ್ಣು ಮುಚ್ಚಿ ತಗೊಳ್ಳಿ. ಲಯವಾದ್ಯದ ಹುಚ್ಚಿದ್ದು ಉದ್ದದ ಹಾಲ್ ಇದ್ದರೆ ಮಾತ್ರ ಹಾರ್ನ್.

ಭಾನುವಾರ ಟೆಂಪೋ ಬಂತು, ಆಲ್ಟೆಕ್ ಹೋಯಿತು. ಗೆಳೆಯನ ಹೊಸ ಹಾಲ್ 22 ಅಡಿ ಇದೆಯಂತೆ. ಹಳೇ ಬೆಡ್‌ಶೀಟ್ ಎರಡು ಜೊತೆಗೇ ಕಳಿಸಿದ್ದೇನೆ.